ಗುಬ್ಬಿ ಕತ್ತೆತ್ತಿದ್ದು

ನಮ್ಮ ಬೀದಿಯ ಕ್ಷೌರದಂಗಡಿಯವನು ನನ್ನ ಹಳೆಯ ವಿದ್ಯಾರ್ಥಿ. ಅವನ ಮಗಳನ್ನು ಎಲ್ಲರೂ ಗುಬ್ಬಿ ಎನ್ನುತ್ತಿದ್ದರು. ಎರಡು ವರ್ಷ ದಾಟಿದ್ದರೂ ಅವಳ ಕತ್ತು ನಿಂತಿರಲಿಲ್ಲ. ಬೆಳವಣಿಗೆ ನಿಧಾನವೆಂದು ಆಸ್ಪತ್ರೆಯವರು ವ್ಯಾಯಾಮ ಹೇಳಿಕೊಟ್ಟಿದ್ದರು. ದಿನವಿಡೀ ಊರವರ ತಲೆ ಹಿಡಿದು ಸೋತ ಕೈಗಳಿಂದಲೇ ಅವನು ಸಂಜೆ ಮಗಳಿಗೆ ಅದನ್ನು ಮಾಡಿಸುತ್ತಿದ್ದ.

ಒಂದು ಬೆಳಿಗ್ಗೆ ನನ್ನ ಮುಖಕ್ಕೆ ಸೋಪು ಹಚ್ಚುವುದನ್ನು ಅರ್ಧಕ್ಕೆ ಬಿಟ್ಟು ಫೋನು ತೆಗೆದ.

"ಮೇಷ್ಟ್ರೇ, ನೋಡಿ! ಕತ್ತು ಎತ್ತಿದಾಳೆ!"

ವಿಡಿಯೋದಲ್ಲಿ ಗುಬ್ಬಿ ಬೆನ್ನನ್ನು ಬಿಲ್ಲಿನಂತೆ ಬಾಗಿಸಿ ಕತ್ತನ್ನು ಹಿಂದಕ್ಕೆ ಚಾಚಿದ್ದಳು. ಜೊತೆಗೆ ಅವನ ಚಪ್ಪಾಳೆ ಕೇಳಿಸುತ್ತಿತ್ತು.

ಸರದಿಗೆ ಕಾದಿದ್ದ ದರ್ಜಿ ಛೇಡಿಸಿದ: "ಆ ಕತ್ತನ್ನ ಬೀದಿಗೆ ಬೀದಿಯೇ ನೋಡಿದೆ ಕಣಯ್ಯಾ. ಮೊದಲು ಮೇಷ್ಟ್ರ ಇನ್ನೊಂದು ಕೆನ್ನೆ ಮುಗಿಸು."

ಗುಬ್ಬಿಯ ತಾಯಿಗೆ ಮಾತ್ರ ಸಮಾಧಾನವಿರಲಿಲ್ಲ. ಮಗು ನಾಲ್ಕು ಗುಟುಕು ಹಾಲು ಕುಡಿದು ಬಾಯಿ ಬಿಗಿಯುತ್ತಿತ್ತು. ತೂಕ ಇಳಿಯುತ್ತಿತ್ತು, ದನಿ ಒಡೆದಿತ್ತು. ವಾಂತಿಯಿಲ್ಲ, ಜ್ವರವಿಲ್ಲ. ತೋರಿಸಿದ ಕಡೆಯಲ್ಲೆಲ್ಲ "ಇಂಥ ಮಕ್ಕಳು ಹಾಗೇನೇ" ಎಂಬ ಉತ್ತರ.

"ರೀ, ಅವಳ ಮುಖ ನೋಡ್ರೀ. ಅದು ನೋವು."

"ಆಗಿರೋದೇ ಒಂದು ಒಳ್ಳೇದು. ಅದಕ್ಕೂ ಕಣ್ಣು ಹಾಕಬೇಡ್ವೇ."

ಆಸ್ಪತ್ರೆಗೆ ಹೊಸದಾಗಿ ಬಂದ ಮಕ್ಕಳ ವೈದ್ಯೆಗೂ ಅವನು ಅದೇ ವಿಡಿಯೋ ತೋರಿಸಿದ. ಆಕೆ ಹಿಗ್ಗಲಿಲ್ಲ.

"ಇದು ಹಾಲು ಕುಡಿದ ಮೇಲೇನಾ?"

ಅವನು ಹೆಂಡತಿಯ ಕಡೆ ನೋಡಿದ. "ಆಗಲೇ ಮೇಡಂ. ಬೇರೆ ಹೊತ್ತಲ್ಲಿ ಇಲ್ಲ" ಎಂದಳು ಅವಳು.

ಹೊಟ್ಟೆಯ ಹುಳಿ ಗಂಟಲವರೆಗೆ ಬಂದು, ಹೊರಗೆ ಬೀಳದೆ ಹಾಗೆಯೇ ಇಳಿಯುತ್ತಿರಬಹುದು, ಆ ಉರಿಗೆ ಮಗು ಸೆಟೆಯುತ್ತಿರಬಹುದು, ಹೇಳಿಕೊಳ್ಳಲು ಅದಕ್ಕೆ ಮಾತಿಲ್ಲ ಎಂದರು ವೈದ್ಯೆ. ಖಚಿತಪಡಿಸಿಕೊಳ್ಳಲು ಮೂಗಿನ ಮೂಲಕ ಅನ್ನನಾಳಕ್ಕೆ ಸಣ್ಣ ಕೊಳವೆ ಇಳಿಸಿ, ಒಂದು ದಿನ ಆಸ್ಪತ್ರೆಯಲ್ಲಿ ಇರಿಸಿಕೊಂಡರು. ಹುಳಿ ಮೇಲೇರಿದ ಹೊತ್ತನ್ನು ಕೊಳವೆಗೆ ಜೋಡಿಸಿದ ಪುಟ್ಟ ಯಂತ್ರ ಗುರುತಿಸುತ್ತದೆ. ಮಗು ಕತ್ತು ಚಾಚಿದಾಗಲೆಲ್ಲ ಮನೆಯವರು ಅದರ ಗುಂಡಿ ಒತ್ತಬೇಕು. ಎರಡೂ ಹೊಂದಿದರೆ ಕಾರಣ ಸಿಕ್ಕಂತೆ.

ಚಪ್ಪಾಳೆ ತಟ್ಟುತ್ತಿದ್ದವನು ಗುಂಡಿಯ ಮೇಲೆ ಬೆರಳಿಟ್ಟು ಕುಳಿತ. ಮಗು ಕತ್ತು ಚಾಚಿತು, ಒತ್ತಿದ. ಮತ್ತೆ ಚಾಚಿತು, ಒತ್ತಿದ. ಸಂಜೆಯ ಹೊತ್ತಿಗೆ ಅವನಿಂದಾಗಲಿಲ್ಲ.

"ನೀನೇ ಒತ್ತೇ. ನನ್ನ ಕೈಲಾಗಲ್ಲ."

ಅವಳು ಹಂಗಿಸಲಿಲ್ಲ. "ಕೊಡಿ ಇಲ್ಲಿ. ಹೋಗಿ ಒಂದು ಟೀ ಕುಡಿದು ಬನ್ನಿ. ಬೆಳಿಗ್ಗೆಯಿಂದ ಏನೂ ತಿಂದಿಲ್ಲ ನೀವು."

ಎರಡೂ ಹೊಂದಿದವು. ಔಷಧಿ ಶುರುವಾಯಿತು, ಹಾಲನ್ನು ಗಟ್ಟಿ ಮಾಡಿ ಕೊಡುವುದು, ಕುಡಿಸಿದ ಮೇಲೆ ನೆಟ್ಟಗೆ ಎತ್ತಿಕೊಂಡಿರುವುದು ಶುರುವಾಯಿತು. ಕೆಲವು ವಾರಗಳಲ್ಲಿ ಗುಬ್ಬಿ ಲೋಟ ಬರಿದು ಮಾಡತೊಡಗಿದಳು. ಕತ್ತೆತ್ತುವುದು ಪೂರ್ತಿ ನಿಂತಿತು.

ಮೊನ್ನೆ ಅವರ ಮನೆಗೆ ಹೋದಾಗ ಅವನು ಮಗಳನ್ನು ಹೆಗಲಿಗೆ ಹಾಕಿಕೊಂಡು ಗೋಡೆಗೊರಗಿ ಕುಳಿತಿದ್ದ. ಅವಳ ತಲೆ ಒಂದು ಕಡೆಗೆ ವಾಲಿತ್ತು.

"ಕತ್ತಿನ ವ್ಯಾಯಾಮ ಮತ್ತೆ ಮೊದಲಿಂದ ಶುರು, ಮೇಷ್ಟ್ರೇ" ಎಂದ.

"ಆಗಲಿ ಬಿಡಿ" ಎಂದಳು ಹೆಂಡತಿ. "ಹೊಟ್ಟೆ ತುಂಬಿದೆಯಲ್ಲ."

ಮಗು ಅಳದೆ ನಿದ್ದೆ ಹೋಗಿತ್ತು. ನೋಡುತ್ತಿದ್ದಂತೆ ಅವನೂ ಕುಳಿತಲ್ಲೇ ತೂಕಡಿಸತೊಡಗಿದ. ನಾನು ಮಾತಾಡಿಸದೆ ಎದ್ದು ಬಂದೆ.