ಅತ್ತೆಯ ಎಡಗೈ

ನನ್ನ ಅತ್ತೆಗೆ, ಅಂದರೆ ಅಪ್ಪನ ತಂಗಿಗೆ, ಎಡ ಯಾವುದು ಬಲ ಯಾವುದು ಎಂದು ಗೊತ್ತಿಲ್ಲ. ಕೊಂಕಿಗೆ ಹೇಳುತ್ತಿರುವ ಮಾತಲ್ಲ. ಅವಳ ಜೊತೆ ಟ್ಯಾಕ್ಸಿಯಲ್ಲಿ ಕೂತವರೆಲ್ಲ ಸಾಕ್ಷಿ. ಬಾಯಿ "ಎಡಕ್ಕೆ ತಿರುಗಿಸಪ್ಪಾ" ಅನ್ನುತ್ತದೆ, ಕೈ ಬಲಕ್ಕೆ ಚಾಚುತ್ತದೆ. ಒಮ್ಮೆ ಚಾಲಕ ರಸ್ತೆ ನಡುವೆ ಬ್ರೇಕ್ ಹಾಕಿ ಕೇಳಿಯೇಬಿಟ್ಟ: "ಅಮ್ಮಾ, ಬಾಯಿ ಮಾತು ಕೇಳ್ಲೋ, ಕೈ ಮಾತು ಕೇಳ್ಲೋ?"

"ಕೈ ನೋಡಪ್ಪಾ. ಬಾಯಿನ ಯಾರು ನಂಬ್ತಾರೆ?"

ಆ ದಿನ ನಾವು ಹೋಗಬೇಕಾಗಿದ್ದದ್ದು ನೇರಕ್ಕೆ.

ಇಂಥವಳು ಇಪ್ಪತ್ತೇಳು ವರ್ಷಗಳಿಂದ ನೃತ್ಯ ಕಲಿಸುತ್ತಿದ್ದಾಳೆ ಎಂದರೆ ಕೇಳಿದವರು ನಗುತ್ತಾರೆ. ನಾನೂ ನಗುತ್ತಿದ್ದೆ. ಹಾಗೆ ನೋಡಿದರೆ ನಗುವ ಯೋಗ್ಯತೆ ನನಗೇನೂ ಇಲ್ಲ. ಫ್ಯಾನ್ ತಯಾರಿಸುವ ಕಂಪನಿಯೊಂದರಲ್ಲಿ ಗ್ರಾಹಕರ ದೂರುಗಳಿಗೆ ಉತ್ತರ ಬರೆಯುವುದು ನನ್ನ ಕೆಲಸ. ಫ್ಯಾನ್ ತಿರುಗುತ್ತಿಲ್ಲ ಎಂದು ಅವರು ಒಂದು ಸಾಲು ಬರೆದರೆ, ತಿರುಗುವಿಕೆಯ ಬಗ್ಗೆ ನಮಗಿರುವ ಅಪಾರ ಕಾಳಜಿಯನ್ನು ನಾನು ಒಂದು ಪುಟ ಬರೆಯುತ್ತೇನೆ. ಫ್ಯಾನ್ ಆಮೇಲೂ ತಿರುಗುವುದಿಲ್ಲ.

ಅತ್ತೆಯ ತರಗತಿ ನಡೆಯುವುದು ಬಡಾವಣೆಯ ಗ್ರಂಥಾಲಯದ ಮೇಲಿನ ಹಾಲ್‌ನಲ್ಲಿ, ಶನಿವಾರ ಚಿಕ್ಕವರಿಗೆ, ಭಾನುವಾರ ದೊಡ್ಡವರಿಗೆ. ಮರದ ನೆಲ, ತುಕ್ಕು ಹಿಡಿದ ಕಿಟಕಿ, ಒಂದು ಗೋಡೆಗೆ ಉದ್ದಕ್ಕೂ ಕನ್ನಡಿ. ಕನ್ನಡಿಯ ಮೇಲೆ ಕಂದು ಬಣ್ಣದ ಪರದೆ. ಆ ಪರದೆಯನ್ನು ಅತ್ತೆಯೇ ಹೊಲಿದು ಹಾಕಿದ್ದು. ಈ ವರ್ಷ ಗ್ರಂಥಾಲಯ ಸಮಿತಿಯಿಂದ ಅವಳಿಗೊಂದು ಪತ್ರ ಬಂತು. ಯಂತ್ರಗಳನ್ನಿಟ್ಟು ವ್ಯಾಯಾಮ ಮಾಡಿಸುವವನೊಬ್ಬ ಅದೇ ಹಾಲ್ ಕೇಳಿದ್ದಾನೆ. ಆದ್ದರಿಂದ ಇಬ್ಬರೂ ತಮ್ಮ 'ಬೋಧನಾ ತತ್ವ'ವನ್ನು ಒಂದು ಪುಟ ಬರೆದು ಕೊಡಬೇಕು, ಸಮಿತಿಯ ಎದುರು ಒಂದು ಪಾಠ ಮಾಡಿ ತೋರಿಸಬೇಕು. ಹಾಲ್ ಹೋದರೆ ಅತ್ತೆಗೆ ಬೇರೆ ಜಾಗವಿಲ್ಲ. ಅವಳದು ಎರಡು ಕೋಣೆಯ ಮನೆ; ಅವಳು ಸುಮ್ಮನೆ ನಡೆದಾಡಿದರೂ ಕೆಳಗಿನ ಮನೆಯಾಕೆ ಪೊರಕೆ ಹಿಡಿಯಿಂದ ಸೂರು ಕುಟ್ಟುತ್ತಾಳೆ.

"ಪುಟ ನೀನು ಬರೀ ಮರಿ. ನಿಂಗೆ ಇಂಥದ್ದೆಲ್ಲ ಬರುತ್ತಲ್ಲ" ಎಂದಳು.

"ನಿನ್ನ ತತ್ವ ಏನು ಹೇಳತ್ತೆ, ಬರೀತೀನಿ."

"ತತ್ವಾನಾ?" ಸ್ವಲ್ಪ ಯೋಚಿಸಿದಳು. "ಒಂಬತ್ತಕ್ಕೆ ಬಾಗಿಲು ಹಾಕ್ತೀನಿ. ತಡವಾಗಿ ಬಂದೋರು ಮೆಟ್ಟಿಲ ಮೇಲೆ ಕೂರ್ಬೇಕು. ಅಷ್ಟೇ."

'ಶಿಸ್ತು' ಎಂದು ಬರೆದುಕೊಂಡೆ. ಶನಿವಾರ ಹೋಗಿ ನೋಡಿದರೆ ಒಂಬತ್ತೂಕಾಲಿಗೆ ಬಂದ ಹುಡುಗಿಗೆ ಇವಳೇ ಬಾಗಿಲು ತೆಗೆದಳು. "ಪಾಪ, ಅದಕ್ಕೆ ಶೂ ಲೇಸ್ ಕಟ್ಕೊಳ್ಳೋಕೆ ಬರಲ್ಲ ಕಣೋ." ಶಿಸ್ತು ಹೊಡೆದುಹಾಕಿದೆ. "ಮಕ್ಕಳನ್ನ ಹೊಗಳಬಾರ್ದು, ಹಾಳಾಗ್ತಾವೆ" ಎಂದಳು, ಐದು ನಿಮಿಷಕ್ಕೆ ಒಬ್ಬಳ ಕೆನ್ನೆ ಹಿಂಡಿ, "ಅಬ್ಬಾ, ನನಗೇ ಹೀಗೆ ಬರಲ್ವಲ್ಲೇ!" ಎಂದಳು. ಅದನ್ನೂ ಹೊಡೆದುಹಾಕಿದೆ. ಕನ್ನಡಿಗೆ ಪರದೆ ಯಾಕೆ ಎಂದು ಕೇಳಿದೆ. "ಕನ್ನಡಿ ಇದ್ರೆ ಅವು ತಮ್ಮನ್ನೇ ನೋಡ್ಕೋತಾವೆ. ಆಮೇಲೆ ನನ್ನನ್ನ ಯಾರು ನೋಡ್ತಾರೆ?" ತಮಾಷೆ ಎಂದುಕೊಂಡೆ. ಮೂರು ವಾರ ಕಳೆಯುವಷ್ಟರಲ್ಲಿ ನನ್ನ ಕಾಗದದಲ್ಲಿ ಹೊಡೆದುಹಾಕದ ಒಂದು ಪದವೂ ಉಳಿದಿರಲಿಲ್ಲ. ನನ್ನ ತಲೆಯೂ ಹೆಚ್ಚು ಕಡಿಮೆ ಅದೇ ಸ್ಥಿತಿಯಲ್ಲಿತ್ತು.

ಕಡೆಗೆ ಆಫೀಸಿನಲ್ಲಿ ಕೂತು, ಫ್ಯಾನಿನ ಬಗ್ಗೆ ಬರೆಯುವ ಕೈಯಲ್ಲೇ ಬರೆದೆ. ಅದರಲ್ಲಿ, ಕೇಳಲು ಚೆಂದವೆಂದಷ್ಟೇ ಬರೆದು, ನನಗೆ ತುಂಬ ಹೆಮ್ಮೆ ತಂದ ಸಾಲು ಇದು: 'ಇಲ್ಲಿ ಗುರು ಮಕ್ಕಳಿಗೆ ಎದುರಾಗಿ ನಿಲ್ಲುವುದಿಲ್ಲ, ಮಕ್ಕಳ ಮುಂದೆ, ಮಕ್ಕಳ ದಿಕ್ಕಿಗೇ ಮುಖ ಮಾಡಿ, ಕನ್ನಡಿಯತ್ತ ಎಲ್ಲರೂ ಒಂದಾಗಿ ಸಾಗುತ್ತಾರೆ.' ಅತ್ತೆ ಗೆಜ್ಜೆಯ ಪಟ್ಟಿಗೆ ಗುಂಡಿ ಹಚ್ಚುತ್ತ ಕೇಳಿಸಿಕೊಂಡಳು. "ಒಂದೂ ಅರ್ಥ ಆಗ್ಲಿಲ್ಲ. ಅಂದ್ರೆ ಚೆನ್ನಾಗೇ ಇರ್ಬೇಕು" ಎಂದು ಸಹಿ ಹಾಕಿದಳು.

ಪರೀಕ್ಷೆಯ ದಿನ ಸಮಿತಿಯಿಂದ ಬಂದವರು ಇಬ್ಬರು: ಗ್ರಂಥಪಾಲಕರು, ಮತ್ತು ನಿವೃತ್ತ ಮುಖ್ಯೋಪಾಧ್ಯಾಯಿನಿ. ಮಕ್ಕಳು ಮೂರು ಸಾಲಾಗಿ ನಿಂತಿದ್ದರು. ಅತ್ತೆ ಎಂದಿನಂತೆ ಅವರ ಎದುರು ನಿಂತು ಸೆರಗು ಬಿಗಿಮಾಡಿಕೊಂಡಳು. ಮುಖ್ಯೋಪಾಧ್ಯಾಯಿನಿ ಕನ್ನಡಕ ಏರಿಸಿ, ನನ್ನ ಪುಟದ ಮೇಲೆ ಬೆರಳಿಟ್ಟರು.

"ಟೀಚರ್, ಈ ಸಾಲು ನಂಗೆ ತುಂಬಾ ಹಿಡಿಸ್ತು. ಪರದೆ ಸರಿಸಿ. ಹೀಗೇ ಮಾಡಿ ತೋರ್ಸಿ."

ಅತ್ತೆ ಆ ಸಾಲು ಓದಿದಳು. ಆಮೇಲೆ ನನ್ನ ಕಡೆ ನೋಡಿದಳು. ನನಗೆ ಇನ್ನೂ ಏನೂ ಹೊಳೆದಿರಲಿಲ್ಲ. ನಾನೇ ಉತ್ಸಾಹದಿಂದ ಹೋಗಿ ಪರದೆ ಸರಿಸಿದೆ.

ಅವಳು ಮಕ್ಕಳಿಗೆ ಬೆನ್ನು ಹಾಕಿ ನಿಂತಳು. "ಎಡಗೈ ಮೇಲೆ" ಎಂದಳು. ಅವಳ ಬಲಗೈ ಮೇಲೆದ್ದಿತು. ಮಕ್ಕಳಲ್ಲಿ ಕೆಲವರು ಬಾಯಿಯನ್ನು ನಂಬಿದರು, ಕೆಲವರು ಕೈಯನ್ನು. "ಎಡಕ್ಕೆ ಮೂರು ಹೆಜ್ಜೆ!" ಎಂದು ಅವಳು ಬಲಕ್ಕೆ ಹೊರಟಳು. ಮುಂದಿನ ಸಾಲು ನಡುವೆ ಢಿಕ್ಕಿ ಹೊಡೆಯಿತು. ಶೂ ಲೇಸಿನ ಹುಡುಗಿ ಪಕ್ಕದವಳ ಮೇಲೆ, ಪಕ್ಕದವಳು ಗ್ರಂಥಪಾಲಕರ ಕುರ್ಚಿಯ ಮೇಲೆ. ಕನ್ನಡಿಯಲ್ಲಿ ಅದೆಲ್ಲ ಇನ್ನೊಮ್ಮೆ ಕಂಡಿತು.

"ಏನಿದು ಮೇಡಂ?" ಎಂದರು ಗ್ರಂಥಪಾಲಕರು, ಮಂಡಿ ಉಜ್ಜಿಕೊಳ್ಳುತ್ತ.

ಅತ್ತೆ ಮಕ್ಕಳನ್ನು ಎಬ್ಬಿಸಿ, ಮೈ ಕೈ ನೋಡಿ, ಆಮೇಲೆ ಸ್ಟೂಲಿನ ಮೇಲೆ ಕೂತಳು. ನಾನು ಮೂರು ವಾರ ಕೇಳಿಯೂ ಸಿಗದಿದ್ದದ್ದನ್ನು ಅವರಿಗೆ ಎರಡು ನಿಮಿಷದಲ್ಲಿ ಹೇಳಿದಳು.

"ನನಗೆ ಕಲಿಸಿದೋರಿಗೆ ಮಂಡಿನೋವು. ಹೀಗೇ ಸ್ಟೂಲ್ ಮೇಲೆ ಎದುರು ಕೂತು ಕೈಯಲ್ಲಿ ತೋರ್ಸೋರು. ಅವ್ರ ಬಲಗೈ ನನ್ನ ಎಡಗೈ ಎದುರಿಗಿರ್ತಿತ್ತು. ನಾನು ನೋಡಿದ್ದನ್ನ ನೋಡಿದ ಹಾಗೇ ಕಲಿತೆ. ಒಬ್ಬಳೇ ಶಿಷ್ಯೆ, ಪಕ್ಕದಲ್ಲಿ ಹೋಲಿಸಿ ನೋಡೋಕೆ ಯಾರೂ ಇಲ್ಲ. ಆರು ವರ್ಷ ಇಡೀ ನೃತ್ಯ ಉಲ್ಟಾ ಕಲಿತೆ."

"ಅಯ್ಯೋ, ಯಾರೂ ಹೇಳ್ಲಿಲ್ವಾ?" ಎಂದರು ಮುಖ್ಯೋಪಾಧ್ಯಾಯಿನಿ.

"ಒಂದು ತಂಡದಲ್ಲಿ ಯಾರಿಗೋ ಕಾಲು ಉಳುಕಿತು. ಅಭ್ಯಾಸಕ್ಕೆ ಟೈಮಿಲ್ಲ, ನಿನಗೆ ಬರುತ್ತಲ್ಲ, ಬಾ ಅಂದ್ರು. ವೇದಿಕೆ ಮೇಲೆ ಹನ್ನೊಂದು ಜನ ಆ ಕಡೆ, ನಾನೊಬ್ಬಳು ಈ ಕಡೆ. ಜನ ಎಷ್ಟು ನಕ್ಕರು ಗೊತ್ತಾ? ಒಳಗೆ ಹೋಗ್ತಿದ್ದ ಹಾಗೇ ತಂಡದ ಉಡುಪು ವಾಪಸ್ ಬಿಚ್ಚಿಸ್ಕೊಂಡ್ರು. ಅವತ್ತೇ ಕೊನೆ, ನಾನು ಮತ್ತೆ ವೇದಿಕೆ ಹತ್ತಲಿಲ್ಲ." ಅವಳು ತಾಳ ತಟ್ಟುವ ಕೋಲಿನಿಂದ ನೆಲದ ಮೇಲೆ ಸುಮ್ಮನೆ ಗೆರೆ ಎಳೆದಳು. "ಅದಕ್ಕೆ ಮಕ್ಕಳಿಗೆ ಎಡ ಅಂದಾಗ ನಾನು ಬಲ ಎತ್ತುತ್ತೀನಿ. ಅವು ನನ್ನನ್ನ ನೋಡಿದ ಹಾಗೇ ಮಾಡಿದ್ರೆ ಸರಿಯಾಗುತ್ತೆ. ಒಂದು ಹಾಲ್‌ಗೆ ಎರಡು ಕನ್ನಡಿ ಯಾಕೆ ಅಂತ ಪರದೆ ಹಾಕಿದೆ."

"ಮತ್ತೆ ಈ ಪುಟ?"

"ಅದು ನಮ್ಮಣ್ಣನ ಮಗ ಬರೆದದ್ದು. ಫ್ಯಾನ್ ಕಂಪನೀಲಿದ್ದಾನೆ."

ಎಲ್ಲ ಅರ್ಥವಾದಂತೆ ಇಬ್ಬರೂ ತಲೆಯಾಡಿಸಿದರು. ಅತ್ತೆ ಎದ್ದು ಮಕ್ಕಳ ಎದುರು ತಿರುಗಿ ನಿಂತಳು. "ಎಡಗೈ ಮೇಲೆ." ಮೂವತ್ತು ಎಡಗೈಗಳು ಒಟ್ಟಿಗೆ ಮೇಲೆದ್ದವು, ಅವಳದೊಂದು ಬಿಟ್ಟು. ಶೂ ಲೇಸಿನ ಹುಡುಗಿ ಅತ್ತೆಯ ಮುಖದಿಂದ ಕಣ್ಣು ಕೀಳದೆ ಮೂರು ಹೆಜ್ಜೆ ನಡೆದಳು. ಈ ಸಲ ಯಾರೂ ಯಾರಿಗೂ ತಾಗಲಿಲ್ಲ.

ಎರಡು ವಾರದ ಮೇಲೆ ತೀರ್ಮಾನ ಬಂತು. ಶನಿವಾರ ಅತ್ತೆಗೆ, ಭಾನುವಾರ ವ್ಯಾಯಾಮದವನಿಗೆ. ತತ್ವದ ಪುಟವನ್ನು ಶಿಕ್ಷಕಿಯೇ ಸ್ವಂತ ಕೈಯಲ್ಲಿ ಬರೆದು ಕೊಡತಕ್ಕದ್ದು. ಭಾನುವಾರದ ದೊಡ್ಡ ಹುಡುಗಿಯರು ಇನ್ನೆಲ್ಲಿಗೆ ಹೋಗಬೇಕು?

"ಅತ್ತೆ, ಈಗ ನಾವು ಗೆದ್ವಾ, ಸೋತ್ವಾ?"

"ಶನಿವಾರ ಮಧ್ಯಾಹ್ನ ಖಾಲಿ ಇದೆ, ದೊಡ್ಡವರನ್ನ ಆಗ ಕರೀತೀನಿ. ಗೆದ್ದಿದ್ದೋ ಸೋತಿದ್ದೋ ನೀನೇ ಲೆಕ್ಕ ಹಾಕು, ಓದಿದೋನು."

ಲೆಕ್ಕ ನನಗೆ ಇವತ್ತಿಗೂ ಹತ್ತಿಲ್ಲ. ನಾನು ಆ ಸಾಲು ಬರೆಯದಿದ್ದರೆ ಭಾನುವಾರವೂ ಉಳಿಯುತ್ತಿತ್ತೋ, ಅಥವಾ ಅವಳು ಆ ಕಥೆ ಹೇಳದೆ ಶನಿವಾರವೂ ಹೋಗುತ್ತಿತ್ತೋ? ಕ್ಷಮೆ ಕೇಳಲು ಹೋದರೆ, "ಪೆನ್ ಕೊಡು" ಎಂದಳು. ಬರೆದದ್ದು ಒಂದೇ ಸಾಲು: 'ಮಕ್ಕಳ ಎದುರು ನಿಲ್ಲುತ್ತೇನೆ.'

ಅದನ್ನು ತಲುಪಿಸಲು ನಾನೇ ಹೋದೆ. ಗ್ರಂಥಪಾಲಕರು ಎರಡು ಸಲ ಓದಿ, "ಸಹಿ ಎಡಗಡೆ ಹಾಕ್ಬೇಕಿತ್ತು. ಇವ್ರು ಬಲಗಡೆ ಹಾಕಿದ್ದಾರಲ್ಲ" ಎಂದರು.

"ಎದುರಿಂದ ನೋಡಿದ್ರೆ ಎಡಾನೇ ಸಾರ್" ಎಂದೆ. ಯಾಕೆ ಹಾಗೆಂದೆನೋ ಗೊತ್ತಿಲ್ಲ.

ಅವರು ಕಾಗದವನ್ನು ತಲೆಕೆಳಗೆ ಮಾಡಿ ಹಿಡಿದು, ಹುಬ್ಬು ಗಂಟಿಕ್ಕಿ ಬಹಳ ಹೊತ್ತು ನೋಡಿದರು. ಆಮೇಲೆ ಹಾಗೇ ಮೇಜಿನ ಮೇಲಿಟ್ಟು ಮುದ್ರೆ ಒತ್ತಿಬಿಟ್ಟರು.