‘ವಕೀಲರ ಸಲಹೆಯ ಮೇರೆಗೆ’

ಡೆಟ್ರಾಯಿಟ್‌ನ ಪಶ್ಚಿಮಕ್ಕಿರುವ ಒಂದು ಟೌನ್‌ಶಿಪ್ಪಿನ ಸಾರ್ವಜನಿಕ ಲೈಬ್ರರಿಯ ಮಂಡಳಿಗೆ ನಾನು ಆರು ವರ್ಷ ನಡಾವಳಿ ಬರೆದೆ. ತಿಂಗಳಿಗೊಂದು ಸಭೆ. ಏಳು ಜನ ಸದಸ್ಯರು ಮಾತಾಡುತ್ತಿದ್ದರು, ಮೂಲೆಯ ಮೇಜಿನ ಮುಂದೆ ಕೂತು ನಾನು ಬರೆದುಕೊಳ್ಳುತ್ತಿದ್ದೆ. ನನಗೆ ಮತವಿರಲಿಲ್ಲ, ಅಭಿಪ್ರಾಯವೂ ಇರಕೂಡದು. ಈ ದೇಶಕ್ಕೆ ಬರುವ ಮೊದಲು ಬೆಂಗಳೂರಿನ ಒಂದು ದಿನಪತ್ರಿಕೆಗೆ ಹೈಕೋರ್ಟು ಮತ್ತು ವಿಧಾನಸೌಧದ ವರದಿ ಮಾಡಿದ್ದೆ. ಅಲ್ಲಿ ಕಲಿತದ್ದು ಒಂದೇ: ಯಾರು ಹೇಳಿದರು ಎಂದು ಬರೆಯದೆ ಏನು ಹೇಳಿದರು ಎಂದು ಬರೆಯಬಾರದು.

ಚಳಿಗಾಲದ ಕೊನೆಯ ಸಭೆಯಲ್ಲಿ ಒಂದು ಸಣ್ಣ ಅರ್ಜಿ ಬಂತು. ಪ್ರತಿ ಭಾನುವಾರ ಬೆಳಿಗ್ಗೆ ಎರಡು ಗಂಟೆಗಳ ಕಾಲ, ಲೈಬ್ರರಿಯ ಹಿಂದಿನ ಕೋಣೆ, ಹದಿನಾಲ್ಕು ಮಕ್ಕಳ ಕನ್ನಡ ತರಗತಿಗೆ. ಅದುವರೆಗೆ ತರಗತಿ ಒಬ್ಬರ ಮನೆಯ ಬೇಸ್‌ಮೆಂಟಿನಲ್ಲಿ ನಡೆಯುತ್ತಿತ್ತು. ಆ ಮನೆಯವರು ಬೇಸಿಗೆಗೆ ಮನೆ ಖಾಲಿ ಮಾಡಿ ಟೆಕ್ಸಸ್‌ಗೆ ಹೊರಟಿದ್ದರು. ಕೋಣೆ ಸಿಗದಿದ್ದರೆ ತರಗತಿ ನಿಲ್ಲುತ್ತಿತ್ತು.

ಅಧ್ಯಕ್ಷರು ಒಂದು ಕಾರು ಕಂಪನಿಯಲ್ಲಿ ಮ್ಯಾನೇಜರಾಗಿದ್ದು ನಿವೃತ್ತರಾದವರು. ಸಭೆ ಬೇಗ ಮುಗಿಸುತ್ತಾರೆ ಎಂಬ ಹೆಸರು ಅವರಿಗಿತ್ತು. ಅರ್ಜಿಯನ್ನು ಎತ್ತಿ ಹಿಡಿದು, “ಇದರಲ್ಲಿ ಪ್ರಾರ್ಥನೆ ಇದೆ. ನಮ್ಮ ವಕೀಲರ ಜೊತೆ ಫೋನಿನಲ್ಲಿ ಮಾತಾಡಿದೆ. ಸರ್ಕಾರಿ ಜಾಗದಲ್ಲಿ ಪ್ರಾರ್ಥನೆಯನ್ನು ಸಂವಿಧಾನ ಒಪ್ಪುವುದಿಲ್ಲ ಅಂದರು,” ಎಂದರು. ಸದಸ್ಯರು ತಲೆಯಾಡಿಸಿದರು. ಐದು ಮತ ವಿರುದ್ಧ, ಎರಡು ಪರ. ಎಲ್ಲ ಸೇರಿ ನಾಲ್ಕು ನಿಮಿಷ.

ಮರುದಿನ ಧ್ವನಿಮುದ್ರಣವನ್ನು ಎರಡು ಸಲ ಕೇಳಿ ಹೀಗೆ ಬರೆದೆ: “ವಕೀಲರು ತಮಗೆ ಫೋನಿನಲ್ಲಿ ಹಾಗೆ ಹೇಳಿದರೆಂದು ಅಧ್ಯಕ್ಷರು ಸಭೆಗೆ ತಿಳಿಸಿದರು. ಲಿಖಿತ ಅಭಿಪ್ರಾಯವನ್ನು ಸಭೆಯ ಮುಂದೆ ಇಡಲಿಲ್ಲ.”

ಕರಡು ಕಳಿಸಿದ ಒಂದು ಗಂಟೆಯೊಳಗೆ ಅಧ್ಯಕ್ಷರ ಫೋನು ಬಂತು.

“ಇಷ್ಟುದ್ದ ಯಾಕೆ? ‘ವಕೀಲರ ಸಲಹೆಯ ಮೇರೆಗೆ ಅರ್ಜಿಯನ್ನು ತಿರಸ್ಕರಿಸಲಾಯಿತು’ ಅಂದರೆ ಸಾಕು.”

“ವಕೀಲರು ಸಭೆಗೆ ಸಲಹೆ ಕೊಟ್ಟಿಲ್ಲ. ನೀವು ಕೊಟ್ಟಿರಿ.”

“ಇವರು ನಿಮ್ಮ ಜನ ಅಲ್ಲವೇ?” ಎಂದರು.

“ಹೌದು. ಅದಕ್ಕೇ ಎರಡು ಸಲ ಕೇಳಿ ಬರೆದೆ.”

ನನಗೆ ಸಿಟ್ಟು ಬಂದಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ. ಆದರೆ ಕರಡಿನಲ್ಲಿ ಸಿಟ್ಟಿರಲಿಲ್ಲ, ಮತ್ತು ಒಂದಕ್ಷರವನ್ನೂ ನಾನು ಬದಲಿಸಲಿಲ್ಲ. ‘ವಕೀಲರ ಸಲಹೆಯ ಮೇರೆಗೆ’ ಎಂಬ ಮೂರು ಪದಗಳು ಏನು ಮಾಡುತ್ತವೆ ಎಂದು ನಾನು ವಿಧಾನಸೌಧದಲ್ಲಿ ಸಾಕಷ್ಟು ನೋಡಿದ್ದೆ. ಅವು ಬಂದ ಮೇಲೆ ಯಾರೂ ಪ್ರಶ್ನೆ ಕೇಳುವುದಿಲ್ಲ. ಕಾನೂನೇ ಬೇಡ ಅಂದಿದೆ ಅಂದುಕೊಂಡು ಜನ ಮನೆಗೆ ಹೋಗುತ್ತಾರೆ.

ಹಾಗೆ ಹೋದವಳನ್ನೂ ಅದೇ ವಾರ ನೋಡಿದೆ. ಪಕ್ಕದ ಊರು ಕ್ಯಾಂಟನ್‌ನ ಇಂಡಿಯನ್ ಅಂಗಡಿಯಲ್ಲಿ ಕರಿಬೇವಿನ ಕಟ್ಟು ಆರಿಸುತ್ತಿದ್ದಾಗ ತರಗತಿಯ ಟೀಚರ್ ಸಿಕ್ಕಳು. ಇಲ್ಲೇ ಹುಟ್ಟಿದ ಹುಡುಗಿ, ಫಾರ್ಮಸಿಸ್ಟ್. ಕನ್ನಡ ಮಾತಾಡುವಾಗ ಪ್ರತಿ ವಾಕ್ಯಕ್ಕೂ ಮೊದಲು ಒಂದು ಕ್ಷಣ ಯೋಚಿಸುತ್ತಾಳೆ.

“ಆಂಟಿ, ಎಲ್ಲಾ ನನ್ನ ಮಿಸ್ಟೇಕ್. ಫಾರ್ಮ್‌ನಲ್ಲಿ ಎಕ್ಸಾಕ್ಟ್ ಆಗಿ ಏನೇನು ಮಾಡ್ತೀರಾ ಅಂತ ಕೇಳಿದ್ರು. ನಾನು ಆನೆಸ್ಟ್ ಆಗಿ ಬರೆದೆ. ಫಸ್ಟ್ ಸರಸ್ವತಿ ಶ್ಲೋಕ, ಎರಡು ನಿಮಿಷ. ಆಮೇಲೆ ಕಾಗುಣಿತ.”

“ತಪ್ಪೇನಿದೆ ಅದರಲ್ಲಿ?”

“ಅಮ್ಮ ಬೈತಿದಾರೆ. ಎರಡು ನಿಮಿಷಕ್ಕೆ ಹದಿನಾಲ್ಕು ಮಕ್ಕಳ ಕ್ಲಾಸ್ ಕಳೆದೆಯಲ್ಲೇ ಅಂತ.” ಕರಿಬೇವಿನ ಕಟ್ಟನ್ನು ಬುಟ್ಟಿಗೆ ಹಾಕಿ ಮತ್ತೆ ತೆಗೆದಳು. “ಲಾಯರ್ರೇ ನೋ ಅಂದ್ಮೇಲೆ ಇನ್ನೇನು ಮಾಡೋದು ಆಂಟಿ?”

ಲಾಯರ್ ಹಾಗೆ ಹೇಳಿದ್ದಾರೋ ಇಲ್ಲವೋ ಯಾರಿಗೂ ಗೊತ್ತಿಲ್ಲ ಎಂದು ಹೇಳಬಹುದಿತ್ತು. ಹೇಳಲಿಲ್ಲ. “ಕರಡು ನಡಾವಳಿ ವೆಬ್‌ಸೈಟಿನಲ್ಲಿದೆ. ಓದು,” ಎಂದೆ. ನಡಾವಳಿ ಬರೆಯುವವರು ಅಷ್ಟು ಹೇಳಬಹುದು.

ಆ ಭಾನುವಾರ ಫಾರ್ಮಿಂಗ್ಟನ್ ಹಿಲ್ಸ್‌ನಲ್ಲಿರುವ ಗೆಳತಿಯ ಮನೆಗೆ ಊಟಕ್ಕೆ ಹೋಗಿದ್ದೆ. ಅವಳ ತಂದೆ ಧಾರವಾಡದವರು, ಎಂಬತ್ತು ದಾಟಿದ್ದಾರೆ. ಕರ್ನಾಟಕಕ್ಕೆ ಇನ್ನೂ ಮೈಸೂರು ಎಂಬ ಹೆಸರಿದ್ದಾಗ ಕಾನೂನು ಇಲಾಖೆಗೆ ಗುಮಾಸ್ತರಾಗಿ ಸೇರಿ, ಮೇಲಿನ ಹುದ್ದೆಯಲ್ಲಿ ನಿವೃತ್ತರಾದವರು. ಸಭೆಯಲ್ಲಿ ನಡೆದದ್ದನ್ನು ಅವರಿಗೆ ಹೇಳಿದೆ. ಅದು ಸಾರ್ವಜನಿಕ ಸಭೆ, ಹೇಳಲು ಅಡ್ಡಿಯಿರಲಿಲ್ಲ.

“ಆ ಮನಷ್ಯಾ ವಕೀಲಗ ಏನಂತ ಕೇಳಿದ್ನಂತವಾ?” ಎಂದರು.

“ಗೊತ್ತಿಲ್ಲ ಅಂಕಲ್.”

“ಪ್ರಶ್ನೀನ ಗೊತ್ತಿಲ್ಲಂದ್ರ ಉತ್ತರ ಹ್ಯಾಂಗ ಗೊತ್ತಾತು ನಿಮಗ?”

ರೊಟ್ಟಿ ಮುರಿಯುತ್ತಾ ಹಳೆಯದನ್ನು ತೆಗೆದರು. “ರಾಜ್ಯ ಆಗಿನ್ನೂ ಹೊಸದು. ಮುಂಬೈ ಸೀಮಿ ಕಾಯ್ದೆ ಒಂದು, ನಿಜಾಮಂದೊಂದು, ಮದ್ರಾಸಿಂದೊಂದು, ಕೊಡಗಿಂದು, ಹಳೇ ಮೈಸೂರಿಂದು ಬ್ಯಾರೆ. ಐದೂ ಚಾಲ್ತಿ ಇದ್ವು. ಒಂದು ಇಲಾಖೆಯಾವ ಕಡತ ಕಳಸ್ತಾನ, ‘ಸಂತಿಗೆ ಲೈಸೆನ್ಸ್ ಬೇಕೋ ಬ್ಯಾಡೋ, ಅಭಿಪ್ರಾಯ ಕೊಡ್ರಿ’ ಅಂತ. ಯಾವ ಊರ ಸಂತಿ? ಬರದಿಲ್ಲ! ನಮ್ಮ ಸಾಹೇಬ್ರು ಮೂರು ಸಲ ತಿರುಗಿ ಕಳಿಸಿದ್ರು. ಕಡೀಕ ಮಂತ್ರೀನ ಫೋನ್ ಮಾಡಿ, ಬಾಯಿಲೆ ಹೇಳಿಬಿಡ್ರಲಾ ಅಂದ. ಸಾಹೇಬ್ರು ಏನಂದ್ರು ಗೊತ್ತೈತಿ? ‘ಬಾಯಿಲೆ ಹೇಳಿದ್ದು ನಾಳೆ ನಂದಲ್ಲ ಅನ್ನಾಕ ಬರ್ತೈತಿ. ನೀವು ಪ್ರಶ್ನಿ ಬರದು ಕಳಸ್ರಿ, ನಾ ಸಹಿ ಮಾಡಿ ಉತ್ತರ ಕೊಡ್ತೀನಿ.’”

“ಆಮೇಲೆ ಸಾಹೇಬರಿಗೇನಾಯಿತು?”

“ಏನಾಗ್ತೈತಿ? ವರ್ಗಾ ಆತು.” ಗಟ್ಟಿಯಾಗಿ ನಕ್ಕರು. “ಹೋದಲ್ಲೂ ಅದನ್ನ ಮಾಡಿದ್ರು.”

ಒಳಗಿನಿಂದ ಗೆಳತಿ ಕೂಗಿದಳು: “ಅಪ್ಪಾ, ಅಕಿಗೆ ಇಲ್ಲದ್ದೆಲ್ಲಾ ಕಲಿಸಬ್ಯಾಡ. ಅಕಿ ಕೆಲಸ ಹೋದೀತು.”

ಮುಂದಿನ ಸಭೆಯಲ್ಲಿ ಅಧ್ಯಕ್ಷರು ಹಿಂದಿನ ನಡಾವಳಿಗೆ ತಿದ್ದುಪಡಿ ತಂದರು. ನನ್ನ ಎರಡು ವಾಕ್ಯ ಹೋಗಬೇಕು, ಅವರ ಒಂದು ವಾಕ್ಯ ಬರಬೇಕು. ಚರ್ಚೆಯಿಲ್ಲದೆ ಅಂಗೀಕಾರವಾಯಿತು. ಮಂಡಳಿ ತೀರ್ಮಾನಿಸಿದ ಮೇಲೆ ನಾನು ತಿದ್ದಲೇಬೇಕು.

ತಿದ್ದಿದೆ. ಇಲ್ಲಿನ ಮಿಷಿಗನ್ ರಾಜ್ಯದ ಕಾನೂನು ಹೇಳಿದ ಹಾಗೇ ತಿದ್ದಿದೆ. ಸಾರ್ವಜನಿಕ ಸಭೆಯ ನಡಾವಳಿಯನ್ನು ತಿದ್ದಿದರೆ ಮೊದಲು ಬರೆದದ್ದೂ ತಿದ್ದಿದ್ದೂ ಎರಡೂ ಕಾಣಬೇಕು ಎಂದು ಅದರಲ್ಲಿದೆ. ಕೆಲಸಕ್ಕೆ ಸೇರಿದ ವಾರವೇ ನಾನದನ್ನು ಓದಿಕೊಂಡಿದ್ದೆ. ಮಂಡಳಿಯಲ್ಲಿ ಬೇರೆ ಯಾರೂ ಓದಿದ ಹಾಗಿರಲಿಲ್ಲ. ನನ್ನ ಎರಡು ವಾಕ್ಯಗಳ ಮೇಲೆ ತೆಳ್ಳಗೆ ಒಂದು ಗೆರೆ ಎಳೆದು, ಕೆಳಗೆ ಅಧ್ಯಕ್ಷರ ವಾಕ್ಯ ಸೇರಿಸಿ ವೆಬ್‌ಸೈಟಿಗೆ ಏರಿಸಿದೆ. ಗೆರೆಯ ಅಡಿಯ ಅಕ್ಷರಗಳು ಚೆನ್ನಾಗಿಯೇ ಓದಲು ಬರುತ್ತಿದ್ದವು.

ಈ ಸಲ ಅಧ್ಯಕ್ಷರು ಫೋನ್ ಮಾಡಲಿಲ್ಲ, ಖುದ್ದಾಗಿ ಬಂದರು.

“ನಾನು ತಿದ್ದಲು ಹೇಳಿದ್ದು.”

“ತಿದ್ದಿದ್ದೇನೆ. ಅಳಿಸುವ ಅಧಿಕಾರ ನಿಮಗೂ ಇಲ್ಲ, ನನಗೂ ಇಲ್ಲ.” ಕಾಯ್ದೆಯ ಪ್ರತಿ ಮೇಜಿನ ಮೇಲೇ ಇತ್ತು. ಅವರ ಕಡೆಗೆ ತಿರುಗಿಸಿದೆ.

ನಿಂತುಕೊಂಡೇ ಓದಿದರು. “ನಿಮಗೆ ಇದರಿಂದ ಏನು ಸಿಗುತ್ತದೆ?” ಎಂದು ಕೇಳಿದರು.

“ಏನೂ ಇಲ್ಲ.”

ಆ ಉತ್ತರವನ್ನು ಅವರು ನಂಬಲಿಲ್ಲ ಎಂದು ಮುಖ ಹೇಳುತ್ತಿತ್ತು.

ಸದಸ್ಯರಲ್ಲಿ ಒಬ್ಬರು ನಿವೃತ್ತ ಶಾಲಾ ಶಿಕ್ಷಕಿ. ಮೊದಲ ಸಭೆಯಲ್ಲಿ ಅಧ್ಯಕ್ಷರ ಜೊತೆಗೇ ಮತ ಹಾಕಿದ್ದವರು. ಅವರಿಗೆ ನಾನು ಏನನ್ನೂ ಹೇಳಿರಲಿಲ್ಲ. ಗೆರೆ ಎಳೆದದ್ದನ್ನು ಯಾರೇ ಆದರೂ ತಪ್ಪದೆ ಓದುತ್ತಾರೆ, ಅವರೂ ಓದಿದರು. ಮುಂದಿನ ಸಭೆಯಲ್ಲಿ ಕೈ ಎತ್ತಿದರು.

“ಮೇಲಿನ ಸಾಲು ಲಿಖಿತ ಅಭಿಪ್ರಾಯ ಇರಲಿಲ್ಲ ಅನ್ನುತ್ತದೆ. ಕೆಳಗಿನ ಸಾಲು ಸಲಹೆ ಇತ್ತು ಅನ್ನುತ್ತದೆ. ನಾನು ಮತ ಹಾಕಿದ್ದು ಯಾವುದರ ಮೇಲೆ? ಆ ಸಲಹೆಯನ್ನು ತೋರಿಸಿ.”

ತೋರಿಸಲು ಏನೂ ಇರಲಿಲ್ಲ. ವಕೀಲರಿಂದ ಲಿಖಿತ ಅಭಿಪ್ರಾಯ ಪಡೆಯಬೇಕೆಂದು ನಿರ್ಣಯವಾಯಿತು. ಯಾವ ಪ್ರಶ್ನೆ ಕೇಳಬೇಕು ಎಂಬುದನ್ನೂ ಬರೆದು ಕಳಿಸಬೇಕೆಂದು ಶಿಕ್ಷಕಿ ಹಟ ಹಿಡಿದರು. ನಾನು ತಲೆ ಎತ್ತದೆ ಬರೆದುಕೊಂಡೆ.

ಮುಂದಿನ ತಿಂಗಳ ಸಭೆಗೆ ಬಂದ ಅಭಿಪ್ರಾಯ ಎರಡು ಪುಟಕ್ಕೂ ಕಡಿಮೆಯಿತ್ತು. ಅದನ್ನು ಗುಪ್ತವಾಗಿಡಬೇಕೆಂದು ಅಧ್ಯಕ್ಷರು ವಾದಿಸಿದರು. ಬಹಿರಂಗಪಡಿಸಲು ನಾಲ್ಕು ಮತ, ಬೇಡವೆನ್ನಲು ಮೂರು. ಶಿಕ್ಷಕಿಯೇ ಗಟ್ಟಿಯಾಗಿ ಓದಿದರು. ಒಂದು ದೇವಸ್ಥಾನ ತನ್ನ ವಾರದ ಪೂಜೆಯನ್ನು ಲೈಬ್ರರಿಯಲ್ಲಿ ನಡೆಸಬಹುದೇ ಎಂದು ಫೋನಿನಲ್ಲಿ ಕೇಳಲಾಗಿತ್ತು ಎಂದು ವಕೀಲರು ಬರೆದಿದ್ದರು. ಅದಕ್ಕೂ ತಾವು ಇಲ್ಲ ಎಂದಿರಲಿಲ್ಲ, ನೋಡಿ ಹೇಳುತ್ತೇನೆ ಎಂದಿದ್ದರಂತೆ. ಭಾಷೆಯ ತರಗತಿಯ ಬಗ್ಗೆ ಯಾರೂ ಕೇಳಿಯೇ ಇರಲಿಲ್ಲ. ಸ್ವೆಟರ್ ಹೆಣೆಯುವವರ ಗುಂಪಿಗೂ ಬೈಬಲ್ ಓದುವವರಿಗೂ ಕೊಡುವ ಕೋಣೆಯನ್ನು ಮಕ್ಕಳು ಒಂದು ಶ್ಲೋಕ ಹೇಳುತ್ತಾರೆಂಬ ಕಾರಣಕ್ಕೆ ನಿರಾಕರಿಸಿದರೆ, ಸಂವಿಧಾನಕ್ಕೆ ವಿರುದ್ಧವಾಗುವುದು ಆ ನಿರಾಕರಣೆಯೇ ಎಂದೂ ಬರೆದಿದ್ದರು. ಕೆಳಗೆ ಸಹಿ ಇತ್ತು.

ಯಾರೂ ಅಧ್ಯಕ್ಷರ ಕಡೆ ನೋಡಲಿಲ್ಲ. ಕೋಣೆ ಕೊಡಲು ಆರು ಮತ ಬಂತು.

ಬೇಸಿಗೆಯ ಮೊದಲ ಭಾನುವಾರ ಪುಸ್ತಕ ಮರಳಿಸುವ ನೆಪದಲ್ಲಿ ಲೈಬ್ರರಿಗೆ ಹೋದೆ. ಹಿಂದಿನ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಟೀಚರ್ ಬೋರ್ಡಿನ ಮೇಲೆ ಕ ಕಾ ಕಿ ಕೀ ಬರೆಯುತ್ತಿದ್ದಳು. ಒಬ್ಬ ಹುಡುಗಿ ಇಂಗ್ಲಿಷಿನಲ್ಲಿ ಏನೋ ಕೇಳಿದಳು. “ಕನ್ನಡದಲ್ಲಿ ಕೇಳು, ಇಲ್ಲಾಂದ್ರೆ ನಂಗೆ ಕೇಳಿಸಲ್ಲ,” ಎಂದು ಟೀಚರ್ ಬೆನ್ನು ತಿರುಗಿಸಿಕೊಂಡೇ ಹೇಳಿದಳು. ನಾನು ಒಳಗೆ ಹೋಗಲಿಲ್ಲ.

ಅಧ್ಯಕ್ಷರು ಆಮೇಲೆ ಒಂದು ಸಲ ಮೃದುವಾಗಿಯೇ ಕೇಳಿದರು, ವಿಷಯ ಮುಗಿಯಿತಲ್ಲ, ಈಗ ಆ ಗೆರೆಯ ಸಾಲುಗಳನ್ನು ತೆಗೆಯಬಹುದಲ್ಲ ಎಂದು. ಆಗುವುದಿಲ್ಲ ಎಂದೆ. ಅವು ಈಗಲೂ ಅಲ್ಲೇ ಇವೆ, ಮೂರನೇ ಪುಟದಲ್ಲಿ.

ವರ್ಷದ ಕೊನೆಗೆ ಮಂಡಳಿ ನನ್ನ ಒಪ್ಪಂದವನ್ನು ಮುಂದುವರಿಸಲಿಲ್ಲ. ಇದು ವಕೀಲರ ಸಲಹೆ ಪಡೆದು ಮಾಡಿದ ತೀರ್ಮಾನ ಎಂದು ಕಚೇರಿಯವರು ಫೋನಿನಲ್ಲಿ ಹೇಳಿದರು. ಯಾವ ಪ್ರಶ್ನೆಗೆ ಏನು ಸಲಹೆ ಎಂದು ಬರೆದು ಕೊಡಿ ಎಂದು ಮಾಹಿತಿ ಹಕ್ಕಿನ ಕಾನೂನಿನಡಿ ಅರ್ಜಿ ಹಾಕಿದ್ದೇನೆ. ಉತ್ತರ ಬಂದಿಲ್ಲ. ಕಾನೂನು ಕೊಟ್ಟ ಗಡುವು ಹೋದ ಶುಕ್ರವಾರ ಮುಗಿಯಿತು. ಸೋಮವಾರ ಎರಡನೆಯ ಅರ್ಜಿಯನ್ನು ಕೈಯಾರೆ ಕೊಟ್ಟು, ಸ್ವೀಕರಿಸಿದ್ದಕ್ಕೆ ಸಹಿ ಹಾಕಿಸಿಕೊಂಡು ಬಂದೆ.