ಮಹಾಂತಮ್ಮ ಮಾಡಿಸಿದ ಶಾಲೆಯ ಪತ್ರಿಕೆ

ಗಡಿಯಾಚೆ ತೆಲುಗು ಸೀಮೆಯಲ್ಲಿರುವ ನಮ್ಮ ಊರಿನ ಕನ್ನಡ ಶಾಲೆಯಲ್ಲಿ ಮಧ್ಯಾಹ್ನದ ಊಟ ಬೇಯಿಸುವ ಮಹಾಂತಮ್ಮನಿಗೆ ಓದಲು ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಓದು ಬಂದವರು ಆ ಶಾಲೆಗೆ ಏನು ಮಾಡಿಟ್ಟರು ಎಂಬುದನ್ನೂ ನಾನು ಹೇಳುವುದಿದೆ.

ಆಕೆಗೆ ಅರವತ್ತರ ಹತ್ತಿರ ವಯಸ್ಸು. ಆದವಾನಿಯ ಹತ್ತಿ ಕಾರ್ಖಾನೆಯಲ್ಲಿ ಹದಿನೈದು ವರ್ಷ ದುಡಿದು, ಕೆಮ್ಮು ಹಿಡಿದ ಮೇಲೆ ಶಾಲೆಯ ಒಲೆಯ ಮುಂದೆ ಬಂದು ಕೂತಳು. ಕೆಮ್ಮಿಗೆ ಹೊಗೆ ಮದ್ದು ಎಂದು ಯಾವ ಡಾಕ್ಟರು ಹೇಳಿದನೋ ಕಾಣೆ! ಗಂಡ ತೀರಿಕೊಂಡಿದ್ದಾನೆ. ಮಗ ಸೊಸೆ ವರ್ಷದಲ್ಲಿ ನಾಲ್ಕು ತಿಂಗಳು ಗುಂಟೂರು ಕಡೆಗೆ ಮೆಣಸಿನಕಾಯಿ ಬಿಡಿಸಲು ಹೋಗುತ್ತಾರೆ. ಮೊಮ್ಮಗಳು ಪ್ರತಿಮಾ ಮಾತ್ರ ಅಜ್ಜಿಯ ಹತ್ತಿರ ಉಳಿದು ನಾಲ್ಕನೆಯ ತರಗತಿ ಓದುತ್ತಾಳೆ.

ಹೋದ ವರ್ಷ ಮೇಲಿನವರಿಂದ ಒಂದು ಮಾತು ಬಂತು. ಇಪ್ಪತ್ತನೆಯ ತಾರೀಕು ಸಭೆ, ಮನೆಯ ಹಿರಿಯರು ಬಂದು ಸಹಿ ಹಾಕದಿದ್ದರೆ ಕನ್ನಡ ತರಗತಿಗಳು ಬಂದ್, ಮಕ್ಕಳು ಬಸ್ಸು ಹತ್ತಿ ಆದವಾನಿಗೆ ಹೋಗಬೇಕು ಎಂದು. ಅದನ್ನು ಕೇಳಿದ ಸೊಸೆ ಕಡ್ಡಿ ತುಂಡು ಮಾಡಿದಂತೆ ಹೇಳಿದ್ದಳು: "ಸಾಲಿ ಮುಚ್ಚಿದ್ರ ಹುಡುಗಿನ್ನ ನಮ್ಮ ಸಂಗಾಟ ಕರ್ಕೊಂಡು ಹೋಗ್ತೀವಿ ಅತ್ತಿ. ಬಸ್ಸಿನ್ಯಾಗ ಒಬ್ಬಾಕಿನ್ನ ಕಳಸಂಗಿಲ್ಲ." ಒಮ್ಮೆ ಆ ಹೊಲಗಳಿಗೆ ಹೋದ ಮಕ್ಕಳು ತಿರುಗಿ ಪಾಟೀಚೀಲ ಹಿಡಿದದ್ದನ್ನು ನಾನು ಕಂಡಿಲ್ಲ. ಮಹಾಂತಮ್ಮನೂ ಕಂಡಿಲ್ಲ.

ಈ ಸಭೆಯ ಸುದ್ದಿಯನ್ನು ಊರಿಗೆ ಮುಟ್ಟಿಸಬೇಕಾದವರು ಹೆಡ್‌ಮಾಸ್ತರ ರುದ್ರೇಶ. ಅವರ ಕೈಯಲ್ಲಿ ಒಂದು ಪತ್ರಿಕೆ ಇತ್ತು. ತಿಂಗಳಿಗೊಮ್ಮೆ ನಾಲ್ಕು ಪುಟ ಅಚ್ಚಾಗಿ ಮನೆಮನೆಗೆ ಹೋಗುತ್ತಿತ್ತು. ಆ ತಿಂಗಳ ಮೊದಲ ಪುಟದಲ್ಲಿ ಹೆಡ್‌ಮಾಸ್ತರರ ಫೋಟೊ. ಎರಡನೆಯದರಲ್ಲಿ ಶಾಲೆಗೆ ಎರಡು ಫ್ಯಾನು ಕೊಟ್ಟ ನಾಗಣ್ಣ ಸಾಹುಕಾರನ ಫೋಟೊ. ಮೂರನೆಯದರಲ್ಲಿ 'ಸರ್ವತೋಮುಖ ವಿಕಾಸದಲ್ಲಿ ಪೋಷಕರ ಪಾತ್ರ'. ನಾನು ಐದನೆಯ ತರಗತಿ ಓದಿದವನು, ಅದನ್ನು ಮೂರು ಸಲ ಓದಿದೆ. ಜೋಳದ ದಂಟು ಅಗಿದಂತಾಯಿತು, ದನಕ್ಕಾದರೂ ಅದರಲ್ಲಿ ರಸ ಸಿಗುತ್ತದೆ. ಸಭೆಯ ತಾರೀಕು ಎಲ್ಲಿತ್ತು ಬಲ್ಲಿರಾ? ನಾಲ್ಕನೆಯ ಪುಟದ ಬುಡದಲ್ಲಿ, ಪ್ರೆಸ್ಸಿನ ಹೆಸರಿನ ಕೆಳಗೆ, ಇರುವೆಯಷ್ಟು ಅಕ್ಷರದಲ್ಲಿ.

ಇಷ್ಟೇ ಆಗಿದ್ದರೆ ಆ ಕಾಗದ ಮೆಣಸಿನಕಾಯಿ ಬಜ್ಜಿಗಾದರೂ ಆಗುತ್ತಿತ್ತು. ಆದರೆ ಅಚ್ಚೆಲ್ಲ ಕರಿ ಮಸಿಯದು, ನಾಗಣ್ಣನ ಮುಖ ಮೊಟ್ಟೆಯಾಕಾರದ ಚೌಕಟ್ಟಿನಲ್ಲಿ. ನಮ್ಮ ಕಡೆ ಅಂಥ ಕಾಗದ ಬಂದರೆ ಸತ್ತವರ ತಿಥಿಯ ಕಾರ್ಡು ಎಂದೇ ಅರ್ಥ. ಅದನ್ನು ಹೊಸ್ತಿಲು ದಾಟಿಸುವುದಿಲ್ಲ. ಹೊರಗೇ ನೋಡಿ, ಹರಿದು, ಬಿಸಾಡುತ್ತಾರೆ. ಲೋಡ್ ಆಟೊ ಓಡಿಸುವ ನಾನೇ ಆ ಕಟ್ಟನ್ನು ಪ್ರೆಸ್ಸಿನಿಂದ ತಂದು ಹಾಕಿದ್ದೆ. ಮರುದಿನ ನೋಡಿದರೆ ಓಣಿಯುದ್ದಕ್ಕೂ ನಾಗಣ್ಣನ ಚೂರುಗಳು. ಲಕ್ಷ್ಮಿದೇವಿ ಎಂಬ ಮುದುಕಿ ನನ್ನ ಆಟೊ ನಿಲ್ಲಿಸಿ ಕೇಳಿದಳು: "ಫ್ಯಾನಿನ ಸಾಹುಕಾರ ಯಾವಾಗ ಹೋದನಪ್ಪ? ಪಾಪ, ಛಲೋ ಮನಿಷ್ಯಾ." ನಾಗಣ್ಣ ಆ ಹೊತ್ತಿಗೆ ಆದವಾನಿಯಲ್ಲಿ ಕೂತು ಒಗ್ಗರಣೆ ಮಂಡಕ್ಕಿ ತಿನ್ನುತ್ತಿದ್ದ.

ಚೂರುಗಳನ್ನು ಆರಿಸಿಕೊಂಡು ಹೋಗಿ ಹೆಡ್‌ಮಾಸ್ತರರ ಮೇಜಿನ ಮೇಲೆ ಸುರಿದೆ. ಅವರು ಕನ್ನಡಕ ಒರೆಸುತ್ತ, "ಜನರಿಗೆ ಓದುವ ಅಭಿರುಚಿಯೇ ಇಲ್ಲ ಸುಂಕಣ್ಣ" ಎಂದರು. ನನ್ನ ನೆತ್ತಿಗೆ ಬೆಂಕಿ ಹತ್ತಿತು. ಬಾಯಿಗೆ ಬಂದದ್ದನ್ನು ಆಡುವಷ್ಟರಲ್ಲಿ ಮಹಾಂತಮ್ಮ ಸೌಟು ಹಿಡಿದುಕೊಂಡೇ ಒಳಗೆ ಬಂದಳು.

"ಸಾರೂ, ನಿಮ್ಮ ಪೇಪರಿನ್ಯಾಗ ನಮ್ಮೋರು ಯಾರದಾರ?"

"ಇದು ಶಾಲೆಯ ಪತ್ರಿಕೆ ಕಣಮ್ಮ."

"ನನಗ ಓದಾಕ ಬರಂಗಿಲ್ಲ. ಆದ್ರ ಲಗ್ನದ ಕಾರ್ಡು ಬಂದ್ರ ನಾಕು ಮಂದಿ ಕೈಲಿ ಓದಸ್ತೀನಿ. ಯಾಕ ಹೇಳ್ರಿ? ನನ್ನ ಹೆಸರು ಹಾಕ್ಯಾರೋ ಇಲ್ಲೋ ಅಂತ."

"ಮದುವೆ ಕಾರ್ಡಿಗೂ ಪತ್ರಿಕೆಗೂ ವ್ಯತ್ಯಾಸ ಇದೆಯಮ್ಮ."

"ಐತ್ರಿ. ಅದಕ್ಕ ಮಂದಿ ಬರ್ತಾರ, ಇದಕ್ಕ ಬರವಲ್ರು."

ಸಭೆಗೆ ಒಂಬತ್ತು ದಿನ ಉಳಿದಿತ್ತು. "ಏನಾದರೂ ಮಾಡಿಕೊಳ್ಳಿ" ಎಂದು ಹೆಡ್‌ಮಾಸ್ತರರು ಬೈಕು ಹತ್ತಿ ಹೋದರು. ಅವರು ಆ ಶಾಲೆಗೆ ಮಾಡಿದ ದೊಡ್ಡ ಉಪಕಾರ ಅದೇ.

ಸಣ್ಣ ಟೀಚರು ನಾಗಜ್ಯೋತಿ ಪೆನ್ನು ಹಿಡಿದಳು, ಮಹಾಂತಮ್ಮ ಅಕ್ಕಿ ಆರಿಸುತ್ತ ಬರೆಸಿದಳು. ಒಂದೇ ಹಾಳೆ. ತಲೆಯ ಮೇಲೆ ದೊಡ್ಡದಾಗಿ ಸಭೆಯ ತಾರೀಕು, ಹೊತ್ತು. ಕೆಳಗೆ ಒಂದೊಂದೇ ಮನೆಯ ಮಗು, ಅಜ್ಜ ಅಜ್ಜಿಯರ ಹೆಸರಿನ ಸಮೇತ. 'ಬಾವಿಮನೆ ಸುಂಕಲಮ್ಮನವರ ಮೊಮ್ಮಗ ಶಿವ, ಹದಿನೇಳರ ಮಗ್ಗಿಯನ್ನು ತಡವರಿಸದೆ ಹೇಳುತ್ತಾನೆ.' 'ಮಲ್ಲಯ್ಯನವರ ಮೊಮ್ಮಗಳು ಮಂಗಳಾ, ತಂಗಿಗೆ ಉಣಿಸಿ ಆಮೇಲೆ ತಾನು ಉಣ್ಣುತ್ತಾಳೆ.' ದಿನಾ ಬಡಿಸುವವಳಿಗೆ ಗೊತ್ತಿದ್ದದ್ದು, ಹಾಜರಿ ಕೂಗುವವರಿಗೆ ಗೊತ್ತಿರಲಿಲ್ಲ.

ಪಟ್ಟಿ ಮುಗಿದಾಗ ನಾನು ನೋಡಿದೆ, ಬಜಾರಪ್ಪನ ಮೂವರು ಮೊಮ್ಮಕ್ಕಳ ಹೆಸರಿಲ್ಲ.

ಈ ಬಜಾರಪ್ಪ ಇನ್ನೂರು ಕುರಿಯ ಒಡೆಯ. ಅವನು ಕೆಮ್ಮಿದರೆ ಅವನ ಓಣಿಯ ಹತ್ತು ಮನೆ ಕೆಮ್ಮುತ್ತವೆ. "ಕನ್ನಡ ಕಲ್ತು ಏನ್ ಕುರಿ ಕಾಯ್ಬೇಕೇನು? ಇಂಗ್ಲೀಷಿಗೆ ಹಾಕ್ತೀನಿ" ಎಂದು ಕಟ್ಟೆಯ ಮೇಲೆ ಕೂತು ಸಾರಿದ್ದ. ತಾನು ಯಾವ ಭಾಷೆಯನ್ನೂ ಕಲಿಯದೆ ಕುರಿ ಕಾಯುವವನು!

"ಅಕ್ಕಾ, ಬಜಾರಪ್ಪನ ಮನಿ ಬಿಟ್ಟೈತಿ."

"ಬಿಟ್ಟಿಲ್ಲ, ನಾನ ಬಿಡ್ಸೀನಿ. ಸುಮ್ನಿರಲೇ ನೀನು."

ಆದವಾನಿಯಲ್ಲಿ ಲಗ್ನದ ಕಾರ್ಡು ಮಾಡುವ ಪ್ರೆಸ್ಸಿನಲ್ಲೇ ಕೆಂಪು ಮಸಿಯಲ್ಲಿ ಅಚ್ಚು ಹಾಕಿಸಿ ತಂದೆ. ಮಹಾಂತಮ್ಮ ಪ್ರತಿ ಹಾಳೆಯ ನಾಲ್ಕು ಮೂಲೆಗೂ ಅರಿಶಿಣ ಹಚ್ಚಿದಳು. ಅರಿಶಿಣ ಹಚ್ಚಿದ ಕಾಗದವನ್ನು ಹರಿಯುವ ಕೈ ನಮ್ಮ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ. ನಾನೇ ಮನೆಮನೆಗೆ ಹಂಚಿದೆ, ಬಜಾರಪ್ಪನ ಕೈಗೂ ಕೊಟ್ಟೆ. ಹಾಳೆಗಳು ದೇವರ ಗೂಡು ಸೇರಿದವು. ಓದು ಬಾರದವರು ಅಂಗಡಿಗೆ ಒಯ್ದು ಓದಿಸಿಕೊಂಡರು, ಅಂಗಡಿಯವನಿಗೆ ಬೇಸರ ಬರುವ ತನಕ.

ಇಪ್ಪತ್ತನೆಯ ತಾರೀಕು ಅಧಿಕಾರಿ ಬಂದು ಕೂತರು. ಮಂದಿ ಬಂದರು, ಆದರೆ ಬೆಂಚು ಅರ್ಧ ಖಾಲಿ. ಅಷ್ಟರಲ್ಲಿ ಗೇಟಿನಲ್ಲಿ ಗದ್ದಲ. ಬಜಾರಪ್ಪ ಹೆಗಲ ಕಂಬಳಿ ಕೊಡವುತ್ತ ಬಂದ, ಹಿಂದೆ ಅವನ ಇಡೀ ಓಣಿ.

"ಯಾವನಲೇ ಅವ ಹೆಸರು ಬಿಟ್ಟೋನು? ನನ್ನ ಮೂರು ಕೂಸು ಈ ಸಾಲ್ಯಾಗ ಇಲ್ಲೇನು? ನಾವೇನು ಊರು ಬಿಟ್ಟು ಹೋಗೀವೇನು?"

ಹೆಡ್‌ಮಾಸ್ತರರು ಅಧಿಕಾರಿಯ ಕುರ್ಚಿಯ ಹಿಂದೆ ಸರಿದರು. ಮಹಾಂತಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು.

"ನಾನ ಬಿಡಿಸಿದೆ ಮಾವ. ಇಂಗ್ಲೀಷಿಗೆ ಹಾಕ್ತೀನಿ ಅಂತ ಕಟ್ಟಿಮ್ಯಾಲೆ ನೀನ ಅಂದಿದ್ದಿ. ನಿನ್ನಂಥ ದೊಡ್ಡ ಮನಿಷ್ಯಾನ ಮಾತು ಸುಳ್ಳಾಗಬಾರದಂತ ಬಿಟ್ವಿ."

"ಅದು ಮಾತಿಗಂದೆ! ಹೆಸರು ಬಿಡು ಅಂದಿದ್ನೇನು?"

"ಹಂಗಂದ್ರ ಇಲ್ಲೇ ಓದ್ತಾರೇನು?"

"ಇಲ್ಲೇ ಓದ್ತಾರ! ಯಾವನು ಬ್ಯಾಡ ಅಂತಾನ ನೋಡ್ತೀನಿ!"

"ಹಂಗಾದ್ರ ಒತ್ತು ಹೆಬ್ಬಟ್ಟು."

ಬೇಡ ಎಂದವನು ತಾನೇ ಎಂಬುದು ಅವನಿಗೆ ಮರೆತೇ ಹೋಗಿತ್ತು. ಒತ್ತಿದ. ಹಿಂದೆ ಹತ್ತು ಮನೆ ಸಾಲಾಗಿ ಒತ್ತಿದವು. ಒಂದು ತಿಂಗಳು ನಾನು ಕಾಲು ಹಿಡಿದು ಬೇಡಿದ್ದರೂ ಬಾರದವರು, ಜಗಳಕ್ಕೆಂದರೆ ಎಷ್ಟು ಚೆಂದ ಬಂದರು! ಅಧಿಕಾರಿ ಎಣಿಸಿ, ಕನ್ನಡ ತರಗತಿಗಳು ಇರುತ್ತವೆ ಎಂದು ಬರೆದರು. ಹೆಡ್‌ಮಾಸ್ತರರು ತಕ್ಷಣ ಎದ್ದು 'ನಮ್ಮ ನಿರಂತರ ಪರಿಶ್ರಮ' ಎಂದು ಭಾಷಣ ಶುರು ಮಾಡಿದರು. ನಾನು ಮೇಲೇಳಲು ಹೋದರೆ ಮಹಾಂತಮ್ಮ ತೋಳು ಜಗ್ಗಿದಳು.

"ಕುಂದ್ರಲೇ. ಹೆಸರು ತಗಂಡು ಸಾರಿಗೆ ಹಾಕ್ಲೇನು?"

ಸಂಕ್ರಾಂತಿ ಕಳೆದ ಮೇಲೆ ಗುಂಟೂರಿನ ಲಾರಿ ಬಂತು. ಮಗ ಸೊಸೆ ಗಂಟುಮೂಟೆ ಏರಿಸಿ ಹೋದರು. ಅವತ್ತು ಮಧ್ಯಾಹ್ನ ಪ್ರತಿಮಾ ತಟ್ಟೆ ಹಿಡಿದು ಸಾಲಿನಲ್ಲಿ ನಿಂತಿದ್ದಳು, ಕಣ್ಣು ಕೆಂಪಾಗಿದ್ದವು. ಮಹಾಂತಮ್ಮ ಎಲ್ಲರಿಗೆ ಹಾಕಿದಷ್ಟೇ ಅನ್ನ ಹಾಕಿ, ಅದರ ಮೇಲೆ ಸಾರು ಸುರಿದು, "ಮುಂದಕ್ಕ ನಡಿ, ಹಿಂದಿನೋರು ನಿಂತಾರ" ಎಂದಳು.